ಬೆಟ್ಟ ನೋಡಿಕೊಂಡವಳು

ನನ್ನ ತಂಗಿಗೆ ಆರು ವರ್ಷವಾಗಿದ್ದಾಗ, ಬೆಳಗ್ಗೆ ಅವಳ ಕೈಗೆ ಸ್ಲೇಟು ಬರುವುದಕ್ಕೂ ಅವಳ ಹೊಟ್ಟೆಗೆ ನೋವು ಬರುವುದಕ್ಕೂ ಸರಿಹೋಗುತ್ತಿತ್ತು. ಇಷ್ಟು ಸಮಯಪಾಲನೆಯ ಕಾಯಿಲೆಯನ್ನು ನಮ್ಮ ಬೀದಿ ಅದುವರೆಗೆ ಕಂಡಿರಲಿಲ್ಲ. ಚಳಿಜ್ವರವಾದರೂ ನಡುವೆ ಒಂದು ದಿನ ರಜೆ ಕೊಡುತ್ತದೆ. ಇದು ತಾಲ್ಲೂಕು ಕಚೇರಿಯ ಗಂಟೆಗಿಂತ ಕರಾರುವಾಕ್ಕಾಗಿತ್ತು.

ಐವತ್ತರ ದಶಕದ ಕೊನೆಯ ಮಾತು. ನಾವು ದೊಡ್ಡೇರಿ ಕಡೆಯಿಂದ ಮಧುಗಿರಿಗೆ ಬಂದು, ಬೆಟ್ಟದ ಬುಡದ ಒಂದು ಬೀದಿಯಲ್ಲಿ ಬಾಡಿಗೆ ಮನೆ ಹಿಡಿದು ಇನ್ನೂ ವರ್ಷ ತುಂಬಿರಲಿಲ್ಲ. ಅಪ್ಪ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ನಾನು ಹಿರಿಯವಳು, ಆಗ ಹತ್ತು ವರ್ಷದವಳಿರಬೇಕು. ತಂಗಿಯ ಕಾಯಿಲೆಯಲ್ಲಿ ನನ್ನ ಪಾಲು ಏನೆಂದರೆ ಅವಳಿಗೆ ಕುಡಿಸಿದ ಮದ್ದನ್ನೆಲ್ಲ ಜೊತೆಗಿರಲಿ ಎಂದು ನನಗೂ ಕುಡಿಸುತ್ತಿದ್ದರು.

ಮೊದಲ ತೀರ್ಪು ಬಂದದ್ದು ಜಂತುಹುಳದ ಪರವಾಗಿ. ಆ ಕಾಲದಲ್ಲಿ ಮಕ್ಕಳಿಗೆ ಏನೇ ಆದರೂ ಮೊದಲು ಹುಳುಗಳನ್ನು ಹಿಡಿದು ವಿಚಾರಿಸುತ್ತಿದ್ದರು. ಹರಳೆಣ್ಣೆ ಕುಡಿಸಿದರು. ನೋವು ಹೋಗಲಿಲ್ಲ, ಇಬ್ಬರಿಗೂ ಬೇರೆಲ್ಲವೂ ಹೋಯಿತು. ಎರಡನೆಯ ತೀರ್ಪು ಸ್ಕೂಲಿನ ಮೇಷ್ಟ್ರದು: "ನಾಟಕ ಕಣಯ್ಯ. ಎರಡು ಬಿಟ್ರೆ ಸರಿಹೋಗುತ್ತೆ." ಅದನ್ನು ಅಮ್ಮ ಒಪ್ಪಲಿಲ್ಲ.

"ನಾಟ್ಕ ಆದ್ರೆ ಅಂಗೈ ಯಾಕ್ ಬೆವರ್ತದೆ? ಬೆವರೋದನ್ನ ಯಾವ್ ಮೇಷ್ಟ್ರು ಕಲ್ಸವ್ರೆ?" ಎಂದಳು.

ಅಂಗೈ ನಿಜವಾಗಿ ಬೆವರುತ್ತಿತ್ತು. ಸ್ಲೇಟಿನ ಮೇಲೆ ಪುಟ್ಟ ಪುಟ್ಟ ಬೆರಳಿನ ಒದ್ದೆ ಗುರುತು ಕೂರುತ್ತಿತ್ತು. ತುಟಿ ಬಿಳಿಚಿಕೊಳ್ಳುತ್ತಿತ್ತು. ಒಂದೊಂದು ದಿನ ತಿಂದದ್ದೆಲ್ಲ ವಾಂತಿಯಾಗುತ್ತಿತ್ತು. ಆಮೇಲೆ ಮನೆಯಲ್ಲೇ ಉಳಿದುಕೊಂಡರೆ ಜಗಲಿಯ ಮೇಲೆ ಕೂತು, ಮಧ್ಯಾಹ್ನದ ಹೊತ್ತಿಗೆ ಒಂದಿಷ್ಟು ಗೆಲುವಾಗುತ್ತಿದ್ದಳು. ಇದೇ ಮೇಷ್ಟ್ರ ಮುಖ್ಯ ಸಾಕ್ಷ್ಯ.

ಇಂಥ ಹೊತ್ತಿನಲ್ಲಿ ನಮ್ಮ ಅವ್ವ ಬಂದಳು. ಅವ್ವ ಎಂದರೆ ಅಮ್ಮನ ತಾಯಿ. ಪಾವಗಡದಿಂದ ಆಚೆಗೆ, ಆಂಧ್ರದ ಗಡಿಯ ಮಗ್ಗುಲಿನ ಹಳ್ಳಿಯವಳು. ಆ ಕಡೆ ಅಜ್ಜಿಗೆ ಅವ್ವ ಅನ್ನುತ್ತಾರೆ. ಅವಳ ಮಾತು ತೆಲುಗಿನಲ್ಲಿ ಹೊರಟು ಕನ್ನಡದಲ್ಲಿ ಇಳಿಯುತ್ತಿತ್ತು, ಇಲ್ಲವೇ ಕನ್ನಡದಲ್ಲಿ ಹೊರಟು ಎಲ್ಲೂ ಇಳಿಯದೆ ತೆಲುಗಿಗೆ ಹೋಗುತ್ತಿತ್ತು. ಇದ್ದಷ್ಟು ದಿನ ಅಕ್ಕಿಯ ಕಲ್ಲು ಆರಿಸುತ್ತ ಮೊಮ್ಮಗಳನ್ನು ಸುಮ್ಮನೆ ನೋಡುತ್ತಿದ್ದಳು. ಹೊರಟ ದಿನ ಬಸ್‌ಸ್ಟ್ಯಾಂಡಿಗೆ ಬಿಡಲು ಹೋದವನು ಅಪ್ಪನೊಬ್ಬನೇ. ಬಸ್ಸಿನ ಮೆಟ್ಟಿಲ ಮೇಲೆ ನಿಂತು ಅವ್ವ, "ಅಳಿಯಂದ್ರೇ, ಬಿಡ್ಡಕಿ ದಿಗುಲು ಪಟ್ಟುಕುಂದಿ. ಅದುನ್ನ ವಸಿ ಕೇಳ್ರಿ" ಎಂದಳಂತೆ. ಅಷ್ಟರಲ್ಲಿ ಕಂಡಕ್ಟರು ಸೀಟಿ ಊದಿದ.

ಅಪ್ಪ ಮನೆಗೆ ಬಂದು ಗಂಭೀರವಾಗಿ ವರದಿ ಒಪ್ಪಿಸಿದ: "ಕೂಸಿಗೆ ದಿಗಿಲು ಬಿದ್ದೈತಂತೆ. ನಿಮ್ಮವ್ವ ಹೇಳ್ತು."

ಬಸ್‌ಸ್ಟ್ಯಾಂಡಿನಿಂದ ಮನೆಗೆ ಬರುವಷ್ಟರಲ್ಲಿ ಒಂದು ಅಕ್ಷರ ಬದಲಾಗಿತ್ತು. ಅದು ಯಾರಿಗೂ ತಿಳಿಯಲಿಲ್ಲ.

ನಮ್ಮ ಕಡೆ ದಿಗಿಲು ಬಿತ್ತು ಎಂದರೆ ಮಗು ಏನನ್ನೋ ಕಂಡು ಬೆಚ್ಚಿದೆ ಎಂದರ್ಥ. ಬೆಚ್ಚಿದ್ದಕ್ಕೆ ಮದ್ದು ಹಿಂದಿನಿಂದ ನಿಗದಿಯಾಗಿ ಬಂದಿದೆ. ಕುಡುಗೋಲನ್ನು ಕೆಂಪಗೆ ಕಾಯಿಸಿ ನೀರಿಗದ್ದಿ, ಆ ನೀರು ಕುಡಿಸಬೇಕು. ಬೆಚ್ಚಿದ ಜಾಗದ ಮಣ್ಣು ತಂದು ಹಣೆಗೆ ಇಡಬೇಕು. ಕುಡುಗೋಲು ಸಿಕ್ಕಿತು. ಜಾಗ ಸಿಗಬೇಕಲ್ಲ?

"ಎಲ್ ಬೆಚ್ಚಿದ್ದು ಮಗಾ? ಏನ್ ಕಂಡೆ?" ಎಂದು ಅಮ್ಮ ಕೇಳಿದಳು.

ತಂಗಿ ಬಹಳ ಹೊತ್ತು ಯೋಚಿಸಿ, "ಹುಣಸೇಮರ" ಎಂದಳು. ಹುಣಸೇಮರದ ಮಣ್ಣು ಬಂತು. ಗುಣವಾಗಲಿಲ್ಲ. ಮತ್ತೆ ಕೇಳಿದರು. "ಬಾವಿ" ಎಂದಳು. ಆಮೇಲೆ ಸಂತೆ ಬಯಲು, ಆಮೇಲೆ ಬಸ್‌ಸ್ಟ್ಯಾಂಡು. ಅವಳು ಸುಳ್ಳು ಹೇಳುವ ಹುಡುಗಿಯಲ್ಲ. ದೊಡ್ಡವರು ಅಷ್ಟು ಕಷ್ಟಪಟ್ಟು ಕೇಳುವಾಗ ಬರಿಗೈಲಿ ಕಳಿಸಬಾರದು ಎಂಬ ಮರ್ಯಾದೆ ಅಷ್ಟೇ. ಒಟ್ಟಿನಲ್ಲಿ ಮಧುಗಿರಿ ಪುರಸಭೆಯ ಅರ್ಧ ಜಮೀನು ಅವಳ ಹಣೆಯ ಮೇಲಾಯಿತು.

ಆ ದಿನಗಳಲ್ಲೇ ಪಾತ್ರೆಗೆ ಕಲಾಯಿ ಹಾಕಲು ಸಿರಾದಿಂದ ಒಬ್ಬರು ಸಾಹೇಬರು ಬರುತ್ತಿದ್ದರು. ತಿದಿ ಒತ್ತುತ್ತ ಅಮ್ಮನ ಕಷ್ಟವನ್ನೆಲ್ಲ ಕೇಳಿ, "ಬಚ್ಚಿ ಡರ್ ಗಯೀ ಕ್ಯಾ? ಮಗು ಹೆದ್ರೈತಾ? ಅದಕ್ಯಾಕಮ್ಮಾ ಯೋಚ್ನೆ ಮಾಡ್ತೀರಿ, ನಮ್ಮ ದರ್ಗಾದಿಂದ ದಾರ ತರ್ತೀನಿ" ಎಂದರು. ಮುಂದಿನ ಸಲ ಬಂದಾಗ ತಂದೂ ಬಿಟ್ಟರು. ಕಪ್ಪು ದಾರವನ್ನು ಅವಳ ತೋಳಿಗೆ ತಾವೇ ಕಟ್ಟಿ, "ಇನ್ ಯಾವ್ದೂ ನಿನ್ನ ಮುಟ್ಟಾಕಿಲ್ಲ ಬೇಟಿ" ಎಂದರು.

"ದೊಡ್ದಾಗಿದ್ರೂ?" ಎಂದು ತಂಗಿ ಕೇಳಿದಳು.

"ಎಷ್ಟ್ ದೊಡ್ದು?"

ಅವಳು ಬಾಗಿಲಾಚೆ ಒಮ್ಮೆ ನೋಡಿದಳು. ಈಗ ಯೋಚಿಸಿದರೆ, ಅದುವರೆಗೆ ಸರಿಯಾದ ಪ್ರಶ್ನೆಯ ಹತ್ತಿರಕ್ಕೆ ಬಂದವರು ಅವರೊಬ್ಬರೇ. ಆದರೆ ಅಷ್ಟರಲ್ಲಿ ತವರ ಕಾದಿತ್ತು; ಅವರು ಪಾತ್ರೆಯ ಕಡೆ ತಿರುಗಿದರು.

ದಾರ ಇದ್ದರೂ ಮಗು ಸೊರಗುತ್ತ ಹೋಯಿತು. ಲಂಗದ ಲಾಡಿ ಬಿಗಿದಷ್ಟೂ ಜಾರುತ್ತಿತ್ತು. ನಡು ನಿದ್ದೆಯಲ್ಲಿ ಎದ್ದು ಬಾಗಿಲ ಸಂದಿಗೆ ಕಣ್ಣಿಟ್ಟು ನಿಲ್ಲುತ್ತಿದ್ದಳು. ಸ್ಕೂಲಿಗೆ ಕಳಿಸಿದರೆ ಹೊಸಿಲ ಬಳಿಯೇ ಕುಸಿಯುತ್ತಿದ್ದಳು. ಹೀಗೇ ಆದರೆ ಹೆಸರು ಹೊಡೆದುಹಾಕಬೇಕಾಗುತ್ತದೆ ಎಂದು ಮೇಷ್ಟ್ರು ಹೇಳಿ ಕಳಿಸಿದರು. ಅಮ್ಮನಿಗೆ ಹೆಸರಿನ ಚಿಂತೆಯಿರಲಿಲ್ಲ, ಹೆಸರಿಟ್ಟುಕೊಂಡ ಜೀವ ಉಳಿಯುತ್ತದೆಯೇ ಎಂಬ ಚಿಂತೆ. ಪಕ್ಕದ ಮನೆಯಾಕೆ ಒಂದು ದಿನ ದನಿ ತಗ್ಗಿಸಿ, "ಬೆಂಗ್ಳೂರ್ನಾಗೆ ಹುಚ್ಚಾಸ್ಪತ್ರೆ ಐತಂತೆ ಕಣಮ್ಮ" ಎಂದರು. ಅಂದಿನಿಂದ ಅಮ್ಮ ಆ ಮನೆಯಿಂದ ಹೆಪ್ಪು ತರುವುದನ್ನು ಬಿಟ್ಟಳು.

ಕಡಲೇಕಾಯಿ ಕಿತ್ತಾದ ಮೇಲೆ ಅವ್ವ ಒಂದು ಚೀಲ ಕಾಯಿ ಹೊರಿಸಿಕೊಂಡು ಮತ್ತೆ ಬಂದಳು. ಮೊಮ್ಮಗಳ ಹಣೆಯ ಮಣ್ಣು, ತೋಳಿನ ದಾರ, ಕೊರಳಿನ ಇನ್ನೊಂದು ದಾರ ಎಲ್ಲವನ್ನೂ ನೋಡಿ ಚೀಲವನ್ನು ಅಲ್ಲೇ ಕೆಡವಿದಳು.

"ಇದೇಮಿದಿ? ಮಗೀಗೆ ಇದೇನ್ ಯಾಸ ಕಟ್ಟೀರಿ?"

"ನೀವೇ ಹೇಳಿದ್ರಲ್ಲ ಅತ್ತೆ, ದಿಗಿಲು ಅಂತ" ಎಂದ ಅಪ್ಪ.

"ನೇನು ಚೆಪ್ಪಿಂದಿ, ನಾನ್ ಹೇಳಿದ್ದು ದಿಗುಲು!"

"ಅದಕ್ಕೇ ಮಾಡ್ತಿರೋದು, ದಿಗಿಲಿಗೆ."

"ದಿಗಿಲಲ್ಲಯ್ಯಾ, ದಿಗುಲು!"

"ಅದೇ ಅಲ್ವ್ರಾ?"

"ಅದೆಂಗಯ್ಯಾ ಅದೇ ಆಯ್ತದೆ?"

ಇಬ್ಬರೂ ಸೇರಿ ಆ ಎರಡು ಪದಗಳನ್ನು ಒಬ್ಬರ ಮುಖಕ್ಕೆ ಒಬ್ಬರು ಎಸೆದಾಡುತ್ತಿರುವಾಗ, ಒಳಗೆ ರಾಗಿಮುದ್ದೆ ತಿರುವುತ್ತಿದ್ದ ಅಮ್ಮ ಕೋಲು ಹಿಡಿದುಕೊಂಡೇ ಹೊರಗೆ ಬಂದಳು. ಎರಡೂ ಭಾಷೆ ಬಲ್ಲವಳು ಅವಳು. ಅವಳ ಮುಖ ನೋಡಿ ಇಬ್ಬರೂ ನಿಲ್ಲಿಸಿದರು.

"ಅಯ್ಯೋ" ಎಂದಳು ಅಮ್ಮ. "ತೆಲುಗಿನ ದಿಗುಲಾ? ಚಿಂತೆನಾ?"

"ಚಿಂತೆನಾ?" ಎಂದ ಅಪ್ಪ. "ಆರು ವರ್ಸದ ಕೂಸಿಗೆ ಏನ್ ಚಿಂತೆ? ಕಂದಾಯ ಕಟ್ಬೇಕಾ, ಹೆಣ್ಮಕ್ಳ ಮದ್ವೆ ಮಾಡ್ಬೇಕಾ?"

"ಏಮೋ. ಕೇಳಿದ್ರಾ?" ಎಂದಳು ಅವ್ವ.

"ಕೇಳ್ದೇ ಇರ್ತೀವಾ? ಏನ್ ಕಂಡೆ, ಏನ್ ಕಂಡೆ ಅಂತ ದಿನಾ ಕೇಳಿದ್ದೇ ಕೇಳಿದ್ದು."

"ಕಂಡಿದ್ದು ದಿಗಿಲು ಅಳಿಯಂದ್ರೇ" ಎಂದಳು ಅವ್ವ. "ಇನ್ನೂ ಕಾಣ್ದೇ ಇರೋದು ದಿಗುಲು."

ಅಪ್ಪ ಬಗ್ಗಿ ಕೂಸಿನ ಹಣೆಯ ಮಣ್ಣನ್ನು ಒರೆಸಿದ.

ಸಂಜೆ ಜಗಲಿಯ ಮೇಲೆ ಕಡಲೇಕಾಯಿ ಸುಲಿಯುತ್ತ ಕೂತೆವು. ಅವ್ವ ತಂಗಿಯ ಮುಖ ನೋಡಲಿಲ್ಲ. ಸಿಪ್ಪೆಯನ್ನೇ ನೋಡುತ್ತ, ಮಾತಿಗೆ ಮಾತು ಎಂಬಂತೆ ಕೇಳಿದಳು.

"ನಿಂಗೆ ಏನಾಗ್ಬುಡ್ತದೆ ಅಂತ ಮಗಾ?"

ಏನಾಯಿತು ಎಂದಲ್ಲ. ಏನಾಗಿಬಿಡುತ್ತದೆ ಎಂದು. ತಂಗಿಯೂ ಸಿಪ್ಪೆ ಸುಲಿಯುತ್ತಲೇ, ಯಾವಾಗ ಕೇಳುತ್ತಾರೋ ಎಂದು ಕಾದವಳಂತೆ ಹೇಳಿದಳು.

"ಬೆಟ್ಟ ಬಂದ್ಬುಡ್ತದೆ ಅವ್ವ."

"ಎಲ್ಗೆ?"

"ನಮ್ಮನೆ ಮ್ಯಾಕೆ. ನಾನ್ ನೋಡ್ಕೊಳ್ದೇ ಇದ್ರೆ."

"ನೀನ್ ನೋಡ್ಕೋ ಅಂತ ಯಾರ್ ಹೇಳಿದ್ರು?"

"ಅಪ್ಪ."

ಕಂಬಕ್ಕೊರಗಿ ಕೂತಿದ್ದ ಅಪ್ಪ ನೆಟ್ಟಗಾದ. ಮೊದಲು ಅವನಿಗೆ ಏನೂ ನೆನಪಾಗಲಿಲ್ಲ. ಆಮೇಲೆ ನಾನೇ ನೆನಪು ಮಾಡಿದೆ. ದೊಡ್ಡೇರಿಯಿಂದ ಗಾಡಿಯಲ್ಲಿ ಸಾಮಾನು ತಂದು ಇಳಿಸುತ್ತಿದ್ದ ದಿನ ಇವಳು ಕಾಲಿಗೆ ಕಾಲಿಗೆ ಸಿಕ್ಕುತ್ತಿದ್ದಳು. ಅಪ್ಪನಿಗೆ ತಮಾಷೆಯನ್ನು ಅಮಲ್ದಾರರ ಹುಕುಮಿನ ದನಿಯಲ್ಲಿ ಹೇಳುವ ಅಭ್ಯಾಸ. ಅವಳನ್ನೆತ್ತಿ ಜಗಲಿಯ ಮೇಲೆ ಕೂರಿಸಿ, ಬೆರಳು ತೋರಿಸಿ ಹೇಳಿದ್ದ: "ನೀನು ಇಲ್ ಕುಂತ್ಕೊಂಡು ಬೆಟ್ಟ ನೋಡ್ಕೋ. ಈ ಕಡೀಕೆ ಉಳ್ಳಿ ಬರ್ದಂಗೆ." ಗಾಡಿಯವನು ನಕ್ಕಿದ್ದ, ನಾನೂ ನಕ್ಕಿದ್ದೆ.

ನೋಡಿಕೋ ಎಂದರೆ ನಮ್ಮ ಮಾತಿನಲ್ಲಿ ಕಣ್ಣಿಂದ ನೋಡುವುದೂ ಹೌದು, ಕಾಪಾಡುವುದೂ ಹೌದು. ತಮ್ಮನನ್ನು ನೋಡಿಕೋ, ಹಾಲು ನೋಡಿಕೋ ಎಂದಂತೆ ಬೆಟ್ಟ ನೋಡಿಕೋ. ಸಾಮಾನು ಇಳಿಸಿಯಾಯಿತು, ಗಾಡಿ ಹೋಯಿತು. ಸಾಕು, ಏಳು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ನಾನು ತಲೆಯೆತ್ತಿ ಬೆಟ್ಟವನ್ನು ನೋಡಿದೆ. ಮಧುಗಿರಿಯ ಬೆಟ್ಟ ಕಂಡವರಿಗೆ ಹೇಳಬೇಕಾಗಿಲ್ಲ. ಕಾಣದವರಿಗೆ ಹೇಳಿ ಪ್ರಯೋಜನವಿಲ್ಲ. ಅದು ಬಂಡೆಗಳು ಸೇರಿ ಆದ ಬೆಟ್ಟವಲ್ಲ, ಬೆಟ್ಟವೇ ಒಂದು ಬಂಡೆ. ಕೋಟೆಯ ಗೋಡೆಗಳೆಲ್ಲ ಅದರ ಮೈಮೇಲೆ ಯಾರೋ ಮರೆತುಹೋದ ಹಗ್ಗದಂತೆ ಕಾಣುತ್ತವೆ. ನಮ್ಮ ಬೀದಿಯಲ್ಲಿ ನಿಂತು ತುದಿ ನೋಡಬೇಕಾದರೆ ಕತ್ತು ಹಿಂದಕ್ಕೆ ಮಡಿಯಬೇಕು. ಇಷ್ಟನ್ನೂ, ಇನ್ನೂ ಹಾಲುಹಲ್ಲು ಬೀಳದ ಒಂದು ಕೂಸು ತಿಂಗಳುಗಟ್ಟಲೆ ಬರಿಗಣ್ಣಿನಿಂದ ತಡೆದು ನಿಲ್ಲಿಸಿಕೊಂಡಿತ್ತು. ಊರಿನ ಅಷ್ಟೂ ಮನೆ, ಕಚೇರಿ, ಸಂತೆ, ಅವಳನ್ನು ನಾಟಕವೆಂದ ಮೇಷ್ಟ್ರು, ಹರಳೆಣ್ಣೆ ಕುಡಿಸುತ್ತಿದ್ದ ನಾವು, ಎಲ್ಲರೂ ಅವಳ ಕಣ್ರೆಪ್ಪೆಯ ಆಸರೆಯಲ್ಲಿ ಬದುಕಿದ್ದೆವು. ಉಣ್ಣುವಾಗ ಬಾಗಿಲಿಗೆ ಮುಖ ಮಾಡಿ ಕೂರುತ್ತಿದ್ದದ್ದು, ಬೀದಿಯಲ್ಲಿ ಹಿಂದು ಮುಂದಾಗಿ ನಡೆಯುತ್ತಿದ್ದದ್ದು, ಅವಳ ತರಗತಿಯ ಒಂದೇ ಕಿಟಕಿ ಬೆಟ್ಟಕ್ಕೆ ಬೆನ್ನು ಹಾಕಿದ್ದದ್ದು, ಎಲ್ಲ ಒಟ್ಟಿಗೆ ಅರ್ಥವಾಯಿತು. ನನಗೆ ಮೈ ಜುಮ್ಮೆಂದಿತು. ದೇವರ ಗುಡಿಯಲ್ಲೂ ನನಗೆ ಹಾಗಾಗಿರಲಿಲ್ಲ.

"ಬೆಟ್ಟ ಎಲ್ಲಾರ ಬಿದ್ದಾತಾ?" ಎಂದು ಅಪ್ಪ ಶುರುಮಾಡಿದ. ಅವ್ವ ಒಂದು ಸಿಪ್ಪೆಯನ್ನು ಅವನ ಕಡೆ ಎಸೆದಳು. ಅವನು ಎದ್ದು ಹೋಗಿ, ಆಗಲೇ ತೊಳೆದಿದ್ದ ಕಾಲನ್ನು ಮತ್ತೆ ಬಹಳ ಹೊತ್ತು ತೊಳೆದ.

ಮಾರನೆಯ ದಿನ ಸರ್ಕಾರಿ ಆಸ್ಪತ್ರೆಗೆ ಹೋದೆವು. ಹೊಸದಾಗಿ ಬಂದಿದ್ದ ಲೇಡಿ ಡಾಕ್ಟರು ಹೊಟ್ಟೆ ಒತ್ತಿ ನೋಡಿದರು, ನಾಲಿಗೆ ನೋಡಿದರು, ಬೆಟ್ಟದ ಕಥೆಯನ್ನು ನಗದೆ ಪೂರ್ತಿ ಕೇಳಿದರು.

"ಹೊಟ್ಟೇಲಿ ರೋಗ ಇಲ್ಲ. ಆದರೆ ನೋವು ಸುಳ್ಳಲ್ಲ" ಎಂದರು. "ಇಂಥ ಮಕ್ಕಳು ಬೇಕಾದಷ್ಟು ಇದ್ದಾರೆ. ಅವಕ್ಕೆ ಹೇಳೋಕೆ ಬರಲ್ಲ, ಹೊಟ್ಟೆ ಹೇಳುತ್ತೆ."

"ಬೆಟ್ಟ ಬೀಳಾಕಿಲ್ಲ ಅಂತ ನೀವೇ ಒಂದ್ ಮಾತ್ ಹೇಳ್ಬುಡಿ ತಾಯಿ, ನಂಬ್ತದೆ" ಎಂದ ಅಪ್ಪ.

"ನಾನು ಹೇಳಿದರೆ ನಾಳೆ ಇಷ್ಟೊತ್ತಿನವರೆಗೆ ನಂಬುತ್ತಾಳೆ. ಆಮೇಲೆ ಮತ್ತೆ ಕೇಳುತ್ತಾಳೆ. ನಗಬೇಡಿ, ಗದರಬೇಡಿ, ಬಲವಂತವಾಗಿ ಎಳೆದುಕೊಂಡೂ ಹೋಗಬೇಡಿ. ಹಾಗಂತ ಮನೇಲೇ ಕೂರಿಸಿಕೊಂಡರೂ ಭಯ ಬೆಳೆಯುತ್ತೆ. ಮೊದಲು ಅವಳ ಕೆಲಸದಲ್ಲಿ ಪಾಲು ತಗೊಳ್ಳಿ. ಆಮೇಲೆ ಕೆಲಸಾನೇ ಸ್ವಲ್ಪ ಸ್ವಲ್ಪ ಕಡಿಮೆ ಮಾಡಿ. ಬೀಳಲ್ಲ ಅನ್ನೋದನ್ನ ಅವಳೇ ಕಂಡುಕೋಬೇಕು. ನಡುನಡುವೆ ಕರಕೊಂಡು ಬನ್ನಿ."

ಸೀಸೆಯಿಲ್ಲದೆ, ಪುಡಿಯಿಲ್ಲದೆ ಆಸ್ಪತ್ರೆಯಿಂದ ಹೊರಬಂದದ್ದು ಅಮ್ಮನಿಗೆ ಒಂದು ಕೊರತೆಯಾಗಿಯೇ ಉಳಿಯಿತು.

ಅಪ್ಪ ಅಂದೇ ಸಂಜೆ, ಕಚೇರಿಯ ಕೋಟು ಬಿಚ್ಚದೆ, ತಂಗಿಯ ಎದುರು ನಿಂತು, "ಇವತ್ತಿಂದ ಬೆಟ್ಟದ ಚಾರ್ಜು ನನಗೆ ಕೊಡವ್ವ" ಎಂದ. ಈ ಸಲ ದನಿಯಲ್ಲಿ ಹುಕುಮಿರಲಿಲ್ಲ.

ಅವಳು ಅವನನ್ನು ಅಳೆದು ನೋಡಿದಳು. "ಬ್ಯಾಡ. ನೀನು ನಿದ್ದೆ ಮಾಡ್ಬುಡ್ತೀಯ."

ಇದು ಊರಿಗೇ ಗೊತ್ತಿದ್ದ ಸಂಗತಿಯಾದ್ದರಿಂದ ಯಾರೂ ಅಪ್ಪನ ಪರ ನಿಲ್ಲಲಿಲ್ಲ. ಅವನು ಪರೀಕ್ಷೆಗೆ ಕೂರಬೇಕಾಯಿತು. ಜಗಲಿಯ ಮೇಲೆ ಬೆಟ್ಟಕ್ಕೆ ಮುಖ ಮಾಡಿ ಅವನು, ಅವನ ಕಣ್ಣಿನ ಮೇಲೆ ಕಣ್ಣಿಟ್ಟು ಅವಳು. "ಅಪ್ಪಾ, ಆ ಕಡೆ ನೋಡ್ದೆ!" "ಇಲ್ಲ ಕಣವ್ವ, ನೊಣ ಬಂತು." ದಾರಿಯಲ್ಲಿ ಹೋಗುವವರು ಸುಮ್ಮನೆ ಹೋಗುವವರಲ್ಲ.

"ಏನ್ ಗುಮಾಸ್ತ್ರೇ, ಬೆಟ್ಟ ನೋಡ್ತಾ ಕುಂತ್ಬುಟ್ರಿ? ಓಡೋಯ್ತದಾ?"

"ಅದ್ನೇ ನೋಡ್ತಾ ಇದೀನಿ" ಎನ್ನುತ್ತಿದ್ದ ಅಪ್ಪ, ಕಣ್ಣು ಕದಲಿಸದೆ.

ಕಡೆಗೆ ಅವನು ಪಾಸಾದ. ಸಂಜೆಯ ಪಾಳಿ ಅವನದು, ಹಗಲಿನದು ಅವ್ವನದು, ಬೆಳಗ್ಗೆ ಹಲ್ಲುಜ್ಜುವ ಹೊತ್ತಿನದು ನನ್ನದು. ಬೇಸರದ ಕೆಲಸವೆಂದುಕೊಂಡು ಒಪ್ಪಿಕೊಂಡೆ. ಆದರೆ ಕಾವಲಿಗೆಂದು ನಿಂತು ನೋಡಿದಾಗ ಬೆಟ್ಟ ಬೇರೆಯೇ ಆಗಿತ್ತು. ಬಿಸಿಲು ಮೊದಲು ತುದಿಯನ್ನು ಮುಟ್ಟಿ, ಯಾರೋ ಮೆಲ್ಲಗೆ ಸೆರಗು ಜಾರಿಸಿದಂತೆ ಕೆಳಗಿಳಿದು ಬರುತ್ತಿತ್ತು. ಮೋಡದ ನೆರಳು ಅದರ ಮೈಮೇಲೆ ಕುರಿಮಂದೆಯಂತೆ ಹತ್ತಿ ಇಳಿಯುತ್ತಿತ್ತು. ಮಳೆ ನಿಂತ ಮೇಲೆ ಕರಿಬಂಡೆಯ ತುಂಬ ಬಿಳಿ ನೂಲಿನಂತೆ ನೀರು. ಹದ್ದುಗಳು ನಮಗಿಂತ ಎಷ್ಟೋ ಮೇಲೆ, ಆದರೆ ಬೆಟ್ಟದ ಅರ್ಧಕ್ಕೂ ಬಾರದೆ ಸುತ್ತುತ್ತಿದ್ದವು. ಹೊತ್ತು ಮುಳುಗಿದ ಮೇಲೆ ಹಗಲೆಲ್ಲ ಕುಡಿದ ಬಿಸಿಯನ್ನು ಅದು ನಮ್ಮ ಬೀದಿಯ ಮೇಲೆ ಉಸಿರುಬಿಡುತ್ತಿತ್ತು. "ಈ ತಾಲ್ಲೂಕ್ನಾಗೇ ಹುಟ್ಟಿ ಬೆಳೆದೋನು" ಎಂದು ಅಪ್ಪ ಒಂದು ಸಂಜೆ ತನಗೇ ಎಂಬಂತೆ ಹೇಳಿಕೊಂಡ, "ಇದುನ್ನ ನೋಡೇ ಇರ್ಲಿಲ್ಲ ಕಣೆ."

ಮೇಷ್ಟ್ರನ್ನು ಒಪ್ಪಿಸಲು ಅಪ್ಪ ಎರಡು ಸಲ ಹೋದ. "ಇಲ್ಲಿಗೆ ಬರೋದು ಪಾಠ ನೋಡೋಕೆ, ಬೆಟ್ಟ ನೋಡೋಕಲ್ಲ" ಎಂದು ಮೊದಲ ಸಲ ಹೇಳಿದ ಮೇಷ್ಟ್ರು, ಎರಡನೆಯ ಸಲ, "ಬಾಗಿಲ ಹತ್ತಿರ ಕೂತ್ಕೊಳ್ಳಲಿ ಬಿಡಿ, ಗಾಳಿನೂ ಬರುತ್ತೆ" ಎಂದರು. ಬಾಗಿಲ ಬಳಿಯಿಂದ ವಾಲಿದರೆ ತುದಿ ಕಾಣುತ್ತಿತ್ತು. ಮೊದಮೊದಲು ಗಳಿಗೆಗೊಮ್ಮೆ ವಾಲುತ್ತಿದ್ದಳು. ಆಮೇಲೆ ಲೆಕ್ಕ ಮುಗಿದಾಗ, ಆಮೇಲೆ ಗಂಟೆ ಹೊಡೆದಾಗ. ಹೊಟ್ಟೆನೋವು ಒಂದೇ ಸಲಕ್ಕೆ ಬಿಟ್ಟುಹೋಗಲಿಲ್ಲ. ಬಂದು, ಕೂತು, ಯಾರೂ ಗಾಬರಿಯಾಗದ್ದನ್ನು ಕಂಡು, ಎದ್ದು ಹೋಗುತ್ತಿತ್ತು. ಆದರೆ ಒಂದು ಕಟ್ಟುಪಾಡನ್ನು ಅವಳು ಸಡಿಲಿಸಲೇ ಇಲ್ಲ. ತಾನು ಹೊರಡಬೇಕಾದರೆ ಜಗಲಿಯ ಮೇಲೆ ಒಬ್ಬರು ಕಾವಲಿಗಿರಲೇಬೇಕು. ಅವ್ವ ಊರಿಗೆ ಹೊರಡುವ ಮಾತೆತ್ತಿದರೆ ತುಟಿ ಬಿಳಿಚುತ್ತಿತ್ತು.

ಮಾಗಿ ಬಂತು. ಒಂದು ಬೆಳಗ್ಗೆ ಎದ್ದು ಬಾಗಿಲು ತೆಗೆದರೆ ಬೆಟ್ಟವೇ ಇಲ್ಲ. ಬೀದಿಯಾಚೆಯ ಹೆಂಚೂ ಕಾಣದಷ್ಟು ಮಂಜು. ನಾನು ನನ್ನ ಪಾಳಿಯ ಜಾಗದಲ್ಲಿ ಹಲ್ಲುಪುಡಿ ಹಿಡಿದು ಪೆಚ್ಚಾಗಿ ನಿಂತೆ. ತಂಗಿ ಹೊಸಿಲಿಗೆ ಬಂದಳು.

"ಅಕ್ಕ, ಎಲ್ಲಿ?"

ಅಪ್ಪ ಕಂಬಳಿ ಹೊದ್ದು ಬಂದ. ಅಲ್ಲೇ ಐತೆ ಎಂದು ಅವನು ಹೇಳಬಹುದಿತ್ತು.

"ಕಾಣಾಕಿಲ್ಲ ಕಣವ್ವ" ಎಂದ.

"ಈಗ ಯಾರ್ ನೋಡ್ಕೊಂತಾವ್ರೆ?"

"ಯಾರೂ ಇಲ್ಲ."

ಅವಳ ಕೈ ಹೊಟ್ಟೆಗೆ ಹೋಯಿತು. ಅಮ್ಮ ಒಳಗೆಳೆದುಕೊಳ್ಳಲು ಮುಂದೆ ಬಂದಳು. ಅವ್ವ ಅಮ್ಮನ ಮೊಣಕೈ ಹಿಡಿದು ನಿಲ್ಲಿಸಿದಳು. ಆಮೇಲೆ ಮೊಮ್ಮಗಳ ಪಕ್ಕದಲ್ಲಿ ಕೂತು ಸೆರಗಿನ ಒಂದು ತುದಿಯನ್ನು ಹಿಡಿದುಕೊಳ್ಳಲು ಕೊಟ್ಟಳು ಅಷ್ಟೇ. ನಾವು ಐದು ಜನ ಮಂಜಿನ ಕಡೆ ಮುಖ ಮಾಡಿ ಕಾದೆವು. ಎಲ್ಲೋ ಒಂದು ಎತ್ತಿನ ಕೊರಳಗಂಟೆ, ಯಾರದೋ ಕೆಮ್ಮು. ತಂಗಿಯ ಉಸಿರು ನನಗೆ ಕೇಳುತ್ತಿತ್ತು, ಮೊದಲು ಬಿರಬಿರನೆ, ಆಮೇಲೆ ಅಷ್ಟಿಲ್ಲದೆ. ನಿಜ ಹೇಳಬೇಕೆಂದರೆ, ಆ ಹೊತ್ತಿನಲ್ಲಿ ನನಗೂ ಅನುಮಾನ ಬಂದಿತ್ತು. ಯಾರೂ ನೋಡದಿದ್ದಾಗ ಅದು ಏನು ಮಾಡುತ್ತದೋ ಯಾರಿಗೆ ಗೊತ್ತು?

ಮಂಜು ಕೆಳಗಿನಿಂದ ಬಿಡಿಸಿಕೊಂಡಿತು. ಮೊದಲು ಬುಡ ಕಂಡಿತು, ಒದ್ದೆಯಾಗಿ, ಕಪ್ಪಗೆ. ಆಮೇಲೆ ನಡು. ಕೋಟೆಯ ಗೋಡೆ ಒಂದು ಕಡೆ ಕಂಡು ಮಾಯವಾಗಿ ಮತ್ತೆ ಕಂಡಿತು. ಕೊನೆಗೆ ತುದಿ, ಅದರ ಮೇಲೆ ಎಳೆಬಿಸಿಲು. ಎಲ್ಲಿ ಇರಬೇಕೋ ಅಲ್ಲಿ.

ತಂಗಿ ಸೆರಗು ಬಿಟ್ಟಳು. ಬಹಳ ಹೊತ್ತು ನೋಡಿದಳು.

"ಯಾರೂ ನೋಡ್ಕೊಳ್ಳಿಲ್ಲ" ಎಂದಳು.

"ಊಂ" ಎಂದ ಅಪ್ಪ.

"ಅದುಕ್ಕದೇ ನಿಂತ್ಕೊಂಡಿತ್ತು."

ಅವಳ ಮುಖದಲ್ಲಿ ಅಂಥ ಬೆರಗನ್ನು ನಾನು ಅದಕ್ಕೂ ಮುಂಚೆ ಕಂಡಿರಲಿಲ್ಲ. ಅಷ್ಟು ತಿಂಗಳು ದುಡಿದವಳಿಗೆ ಸಹಜವಾದ ಒಂದಿಷ್ಟು ಅವಮಾನವೂ ಅದರಲ್ಲಿ ಸೇರಿತ್ತೇನೋ. ಅವಳು ಒಳಗೆ ಹೋಗಿ, ಮುಖ ತೊಳೆದು, ರೊಟ್ಟಿ ತಿಂದು, ಸ್ಲೇಟು ತೆಗೆದುಕೊಂಡು ಹೊರಬಂದಳು. ಜಗಲಿಯ ಮೇಲೆ ಯಾರಿದ್ದಾರೆ ಎಂದು ನೋಡಲಿಲ್ಲ. ಬೀದಿಯಲ್ಲಿ ಮುಖ ಮುಂದಾಗಿ ನಡೆದುಹೋದಳು.

ಅಪ್ಪನಿಗೆ ಕಚೇರಿಗೆ ಹೊತ್ತಾಗುತ್ತಿತ್ತು, ನನಗೆ ಸ್ಕೂಲಿಗೆ, ಒಲೆಯ ಮೇಲೆ ಎಸರು ಉಕ್ಕುತ್ತಿತ್ತು. ಆದರೂ ನಾವು ನಾಲ್ವರೂ ಕದಲಲಿಲ್ಲ. ಯಾರೂ ಹಿಡಿದುಕೊಳ್ಳದೆ ಅಷ್ಟು ದೊಡ್ಡದೊಂದು ನಿಂತಿರುವುದನ್ನು ಬಾಯಿ ತೆರೆದುಕೊಂಡು ನೋಡುತ್ತಿದ್ದೆವು.